ಲ್ಯಾಂಗೊಲೆನ್ ಕಾಲುವೆಯಲ್ಲಿ ಬೋಟ್ ಬಾಡಿಗೆಗೆ ಹಿಡಿಯುವವರು ಇದನ್ನು ಓದಿಕೊಂಡು ಹೋಗಿ

ಇಂಗ್ಲೆಂಡ್ ಮತ್ತು ವೇಲ್ಸಿನ ಕಾಲುವೆಗಳಲ್ಲಿ ಬಾಡಿಗೆ ನ್ಯಾರೋಬೋಟ್ (ಒಳಗೇ ಉಳಿದುಕೊಳ್ಳಬಹುದಾದ ಉದ್ದನೆಯ, ಕಿರಿದಾದ ಬೋಟ್) ಓಡಿಸುವುದಕ್ಕೆ ಲೈಸೆನ್ಸ್ ಬೇಡ. ದುಡ್ಡು ಕಟ್ಟಿದರೆ ಸಾಕು, 10 ಟನ್‌ಗಿಂತ ಜಾಸ್ತಿ ತೂಗುವ ಉಕ್ಕಿನ ಬೋಟಿನ ಕೀ ಕೈಗೆ ಕೊಡುತ್ತಾರೆ. ಅದಕ್ಕೆ ಬ್ರೇಕ್ ಇರುವುದಿಲ್ಲ. ನಿಲ್ಲಿಸಬೇಕಾದರೆ ರಿವರ್ಸ್ ಹಾಕಬೇಕು, ಬಲಕ್ಕೆ ತಿರುಗಿಸಬೇಕಾದರೆ ಹಿಂಭಾಗದಲ್ಲಿರುವ ಚುಕ್ಕಾಣಿಯ ಹಿಡಿಕೆಯನ್ನು ಎಡಕ್ಕೆ ತಳ್ಳಬೇಕು.

ನಾವು ಎಲ್ಸ್‌ಮಿಯರ್ ಎಂಬ ಊರಿನ ಕಡೆಯಿಂದ ಹೊರಟಿದ್ದು. ಕಂಪನಿಯ ಹುಡುಗ ಎಂಜಿನ್ ಶುರು ಮಾಡುವುದು ಹೇಗೆ, ಗ್ಯಾಸ್ ಎಲ್ಲಿ, ಟಾಯ್ಲೆಟ್ ಕ್ಯಾಸೆಟ್ ಖಾಲಿ ಮಾಡುವುದು ಹೇಗೆ (ಹೌದು, ಅದೂ ನಾವೇ ಮಾಡಬೇಕು) ಎಂದು ಗಡಿಬಿಡಿಯಲ್ಲಿ ತೋರಿಸಿದ. ಲಾಕ್ (ಎರಡು ಕಡೆ ಗೇಟಿರುವ, ನೀರು ತುಂಬಿಸಿ ಇಲ್ಲವೇ ಖಾಲಿ ಮಾಡಿ ಬೋಟನ್ನು ಏರಿಸುವ, ಇಳಿಸುವ ಕಟ್ಟೆ) ಬಗ್ಗೆ ಕೇಳಿದ್ದಕ್ಕೆ "ಪುಸ್ತಕದಲ್ಲಿದೆ, ಸುಲಭ" ಅಂದ. ಮುಂದಿನ ಗಿರಾಕಿ ಕಾಯುತ್ತಿದ್ದರು ಅನ್ನಿ.

ಎಲ್ಲರೂ ಹೆದರುವುದು ಪಾಂಟ್‌ಕಸುಲ್ತೆ ಮೇಲ್ಗಾಲುವೆಗೆ, ಅಂದರೆ ಬೋಟುಗಳು ನದಿ ದಾಟುವ ನೀರಿನ ಸೇತುವೆಗೆ. 1805ರಲ್ಲಿ ತೆರೆದಿದ್ದು, ಟೆಲ್ಫರ್ಡ್ ಮತ್ತು ಜೆಸಪ್ ಎಂಬ ಎಂಜಿನಿಯರ್‌ಗಳು ಕಟ್ಟಿದ್ದು, ಡೀ ನದಿಯ ಮೇಲೆ 38 ಮೀಟರ್ ಎತ್ತರದಲ್ಲಿ 307 ಮೀಟರ್ ಉದ್ದದ ಕಬ್ಬಿಣದ ತೊಟ್ಟಿ. ಒಂದು ಕಡೆ ಕಾಲುದಾರಿ ಮತ್ತು ಕಂಬಿ ಇದೆ, ಇನ್ನೊಂದು ಕಡೆ ಏನೂ ಇಲ್ಲ. ತೊಟ್ಟಿಯ ಅಂಚು ನೀರಿನಿಂದ ಒಂದು ಗೇಣೂ ಮೇಲಿಲ್ಲ, ಅದರಾಚೆ ಬರೀ ಗಾಳಿ. ಮಕ್ಕಳನ್ನು ಒಳಗೆ ಕೂರಿಸಿ, ಎದುರಿಂದ ಬೋಟ್ ಬರುತ್ತಿಲ್ಲ ಅಂತ ನೋಡಿಕೊಂಡು ನಿಧಾನಕ್ಕೆ ಹೋದರೆ ಏನೂ ಆಗಲ್ಲ. ನಮಗೂ ಆಗಲಿಲ್ಲ.

ಅಪಾಯ ಇದ್ದದ್ದು ವಾಪಸ್ ಬರುವಾಗ, ಯಾರೂ ಫೋಟೋ ತೆಗೆಯದ ನ್ಯೂ ಮಾರ್ಟನ್ ಲಾಕಿನಲ್ಲಿ. ಇಳಿಯುವ ಲಾಕಿನ ಮೇಲಿನ ಗೇಟಿನ ಬುಡದಲ್ಲಿ ಒಂದು ಕಲ್ಲಿನ ಮೆಟ್ಟಿಲು ಮುಂದಕ್ಕೆ ಚಾಚಿಕೊಂಡಿರುತ್ತದೆ, ಸಿಲ್ ಅನ್ನುತ್ತಾರೆ. ಲಾಕ್ ತುಂಬಿದ್ದಾಗ ಅದು ಕಾಣಿಸುವುದಿಲ್ಲ. ದಡದ ಕಲ್ಲಿನ ಮೇಲೆ ಅದು ಎಲ್ಲಿಯವರೆಗೆ ಇದೆ ಎಂದು ತೋರಿಸುವ ಬಿಳಿ ಗೆರೆ ಇರುತ್ತದೆ, ಬೋಟಿನ ಹಿಂಭಾಗ ಆ ಗೆರೆಗಿಂತ ಮುಂದೆಯೇ ಇರಬೇಕು. ಇದನ್ನು ಆ ಹುಡುಗ ಹೇಳಿರಲಿಲ್ಲ.

ಭಾವ ಹಿಂದೆ ಹಿಡಿಕೆ ಹಿಡಿದಿದ್ದರು. ಅಕ್ಕ ಮತ್ತು ನಾನು ಕೆಳಗಿನ ಗೇಟಿನ ತೂಬು ಎತ್ತಿದೆವು. ನೀರು ಇಳಿಯತೊಡಗಿತು, ಮುಂಭಾಗವೂ ಇಳಿಯಿತು, ಹಿಂಭಾಗ ಇಳಿಯಲಿಲ್ಲ. ಒಳಗೆ ಲೋಟ ತಟ್ಟೆಗಳೆಲ್ಲ ಜಾರಿ ಬಿದ್ದ ಸದ್ದು. ಭಾವ "ಏನೋ ಸಿಕ್ಕಿಕೊಂಡಿದೆ!" ಅಂತ ಕೂಗಿದರು. ಮುಂದಿನ ಸರದಿಗೆ ಕಾಯುತ್ತಿದ್ದ ಬೋಟಿನ ಒಬ್ಬ ಅಜ್ಜ ಓಡಿ ಬಂದು ಮೊದಲು ಕೆಳಗಿನ ತೂಬು ಮುಚ್ಚಿ, ಆಮೇಲೆ ಮೇಲಿನ ತೂಬನ್ನು ಸ್ವಲ್ಪ ಸ್ವಲ್ಪವೇ ಎತ್ತಿದ. ನೀರು ಮತ್ತೆ ತುಂಬಿ ಹಿಂಭಾಗ ತೇಲಿತು. ಹಾಗೇ ಬಿಟ್ಟಿದ್ದರೆ ಮುಂಬಾಗಿಲಿನಿಂದ ನೀರು ನುಗ್ಗಿ ನಿಮಿಷಗಳಲ್ಲಿ ಬೋಟ್ ಮುಳುಗುತ್ತದಂತೆ. ಮಕ್ಕಳು ಒಳಗಿದ್ದರು.

ಕಂಪನಿಯವರು ಮಾಡಿದ್ದು ಏನು? ಚುಕ್ಕಾಣಿ ಸೊಟ್ಟಗಾಗಿದೆ ಅಂತ ಡೆಪಾಸಿಟ್ ಪೂರ್ತಿ ಹಿಡಿದುಕೊಂಡರು. ತರಬೇತಿ ಕೊಟ್ಟಿದ್ದೇವೆ ಅನ್ನುವುದಕ್ಕೆ ನಾವು ಹೊರಡುವಾಗ ಸಹಿ ಹಾಕಿದ ಕಾಗದ ತೋರಿಸಿದರು.

ಹಾಗಾಗಿ, ಲಾಕ್ ಬಗ್ಗೆ ಸರಿಯಾಗಿ ಹೇಳಿಕೊಡುವವರೆಗೆ ಆ ಕಾಗದಕ್ಕೆ ಸಹಿ ಹಾಕಬೇಡಿ. ಮೊದಲ ಲಾಕಿನವರೆಗೆ ಜೊತೆಗೆ ಬರುತ್ತೀರಾ ಅಂತ ಬುಕ್ ಮಾಡುವ ಮುಂಚೆಯೇ ಕೇಳಿ. ಬರಲ್ಲ ಅಂದರೆ ಬೇರೆ ಕಡೆ ನೋಡಿ. ಡೆಪಾಸಿಟ್ ಯಾವುದಕ್ಕೆಲ್ಲ ಹಿಡಿಯುತ್ತಾರೆ ಅನ್ನುವುದನ್ನು ಈಮೇಲ್‌ನಲ್ಲಿ ಬರೆಸಿಕೊಳ್ಳಿ. ಇಳಿಯುವಾಗ ಒಬ್ಬರು ತೂಬಿನ ಹತ್ತಿರವೇ ನಿಂತು ಬೋಟನ್ನು ನೋಡುತ್ತಿರಬೇಕು, ಆ ಹೊತ್ತಿನಲ್ಲಿ ರೀಲ್ಸ್ ಬೇಡ.

ಇನ್ನೊಂದು ಮಾತು, ಚಟ್ನಿ ಮಾಡೋಣ ಅಂತ ಮಿಕ್ಸಿ ಹೊತ್ತುಕೊಂಡು ಹೋಗಬೇಡಿ. ನಮ್ಮ ಬೋಟಿನ ಇನ್ವರ್ಟರ್ ಮೊದಲ ಸುತ್ತಿಗೇ ಕೈಕೊಟ್ಟಿತು. ಪುಣ್ಯಕ್ಕೆ ಅದಕ್ಕೆ ಬಿಲ್ ಹಾಕಲಿಲ್ಲ.