ಗ್ಯಾರೇಜಿಗೆ ಸೇರಿಸುವ ಮುನ್ನ ಒಂದು ಸುತ್ತು: ಹಳೆಯ ಎಂಜಿಬಿಗೆ ಯಾವ ದಾರಿ?

ನನ್ನ ಮತ ಮೊಹಾಕ್ ಟ್ರೇಲ್‌ಗೆ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಓದುವವರಿಗೂ ಅನುಕೂಲ. ಮೂರು ವರ್ಷದ ಹಿಂದೆ ನಮ್ಮ ಬೀದಿಯ ಹಿರಿಯರೊಬ್ಬರಿಂದ 1972ರ ಎಂಜಿಬಿ ಎಂಬ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಕೊಂಡೆ. ಕಡುಹಸಿರು ಬಣ್ಣ, ಮಡಚುವ ಮಾಡು, ಇಬ್ಬರಿಗೆ ಮಾತ್ರ ಜಾಗ. ಆಮೇಲಿನ ಮೂರು ಅಕ್ಟೋಬರ್‌ಗಳಲ್ಲಿ ಅಮೆರಿಕದ ಈ ಭಾಗದಲ್ಲಿ ಮರದ ಎಲೆಗಳು ಬಣ್ಣ ತಿರುಗುವ ಹೊತ್ತಿಗೆ, ಮೂರು ಬೇರೆ ಬೇರೆ ದಾರಿ ಹಿಡಿದೆ: ನ್ಯೂ ಹ್ಯಾಂಪ್‌ಶೈರಿನ ಕ್ಯಾಂಕಮಾಗಸ್ ಹೆದ್ದಾರಿ, ವರ್ಮಾಂಟಿನ ರೂಟ್ 100, ನಮ್ಮ ಮ್ಯಾಸಚೂಸೆಟ್ಸಿನದೇ ಆದ ಮೊಹಾಕ್ ಟ್ರೇಲ್.

ಒಂದೇ ದಾರಿಯನ್ನು ಆರಿಸಬೇಕಾದ ಪ್ರಸಂಗ ಏಕೆ ಬರುತ್ತದೆ ಎಂದರೆ, ಇಲ್ಲಿ ಸಿಗುವ ದಿನಗಳೇ ಎರಡು ಮೂರು. ಮೊದಲ ಹಿಮ ಬೀಳುವ ಸೂಚನೆ ಸಿಕ್ಕಿತೆಂದರೆ ರಸ್ತೆಗೆ ಉಪ್ಪು ಸುರಿಯುತ್ತಾರೆ. ಎಂಜಿಬಿಗೆ ಪ್ರತ್ಯೇಕ ಚಾಸಿ ಇಲ್ಲ. ಬಾಗಿಲ ಕೆಳಗಿನ ಸಿಲ್‌ಗಳೇ ಗಾಡಿಯ ಬೆನ್ನುಮೂಳೆ. ಉಪ್ಪುನೀರು ಒಳಗೆ ಹೊಕ್ಕರೆ ಅದು ಒಳಗಿನಿಂದಲೇ ತುಕ್ಕು ತಿನ್ನುತ್ತಾ ಬರುತ್ತದೆ, ಹೊರಗೆ ಕಾಣುವ ಹೊತ್ತಿಗೆ ಕಾಲ ಮೀರಿರುತ್ತದೆ. ಹಾಗಾಗಿ ನವೆಂಬರ್ ಮೊದಲ ವಾರಕ್ಕೆ ನನ್ನ ಗಾಡಿ ಗ್ಯಾರೇಜು ಸೇರಿ, ಏಪ್ರಿಲ್‌ನ ಮಳೆ ಉಪ್ಪನ್ನು ತೊಳೆದ ಮೇಲೆಯೇ ಹೊರಗೆ ಬರುತ್ತದೆ.

ಇನ್ನೊಂದು ಮಾತು. ಈ ಕಾರನ್ನು ನೋಡಲು ಹೋದ ದಿನ ಅವರು ಎಂಜಿನ್ ಚಾಲೂ ಮಾಡಿದ ಕೂಡಲೇ ನನಗೆ ತೀರ್ಥಹಳ್ಳಿಯ ನಮ್ಮ ಮನೆಯ ಅಂಗಳ ನೆನಪಾಯಿತು. ಅಪ್ಪ ಅಂಬಾಸಿಡರ್ ಟ್ಯಾಕ್ಸಿ ಓಡಿಸುತ್ತಿದ್ದರು. ಹಳೆಯ ಪೆಟ್ರೋಲ್ ಅಂಬಾಸಿಡರಿನ 1489 ಸಿಸಿ ಎಂಜಿನ್ನೂ ಎಂಜಿಬಿಯ 1798 ಸಿಸಿ ಎಂಜಿನ್ನೂ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಒಂದೇ ಬಿ-ಸೀರಿಸ್ ಕುಟುಂಬದವು. ಅಣ್ಣತಮ್ಮಂದಿರ ಕೆಮ್ಮಿನ ಹಾಗೆ, ಸದ್ದಿನಲ್ಲಿ ಹೋಲಿಕೆ ಇದೆ. ಬೆಲೆಯ ಚೌಕಾಸಿ ಮಾಡುವ ಮನಸ್ಸೇ ಆಗಲಿಲ್ಲ.

ಮೊದಲ ವರ್ಷ ಎಲ್ಲರೂ ಹೇಳಿದಂತೆ ಕ್ಯಾಂಕಮಾಗಸ್‌ಗೆ ಹೋದೆ. ಲಿಂಕನ್ ಊರಿನಿಂದ ಕಾನ್ವೇವರೆಗೆ ಸುಮಾರು 34 ಮೈಲಿ, ಪೂರ್ತಿ ವೈಟ್ ಮೌಂಟನ್ ಕಾಡಿನೊಳಗೆ. ನೆತ್ತಿಯ ಎತ್ತರ 2855 ಅಡಿ. ಚೆಲುವಿನ ಲೆಕ್ಕದಲ್ಲಿ ಮೂರರಲ್ಲಿ ಇದೇ ಮೊದಲು, ಅದರಲ್ಲಿ ತಕರಾರಿಲ್ಲ. ಸಕ್ಕರೆ ಮೇಪಲ್‌ಗಳ ಕೆಂಪು, ಬರ್ಚ್‌ಗಳ ಹಳದಿ, ನಡುನಡುವೆ ಸ್ಪ್ರೂಸ್‌ಗಳ ಕಪ್ಪುಹಸಿರು. ಇಡೀ ಬೆಟ್ಟಕ್ಕೆ ಇಳಕಲ್ ಸೀರೆ ಹರವಿದಂತೆ.

ತೊಂದರೆ ಬೇರೆಡೆ ಇತ್ತು. ನಾನು ಹೋದದ್ದು ಅಕ್ಟೋಬರಿನ ಎರಡನೆಯ ವಾರಾಂತ್ಯ. ಸೋಮವಾರವೂ ರಜೆ, ಬಣ್ಣವೂ ಅದೇ ವಾರ ತುಂಬಿಕೊಂಡಿತ್ತು. ಏರು ಶುರುವಾದ ಕೆಲವೇ ಮೈಲಿಗೆ ಸಾಲು ನಿಂತಿತು. ಪ್ರತಿ ನೋಟದ ತಾಣದಲ್ಲೂ ನಿಲ್ಲಿಸಲು ಜಾಗ ಹುಡುಕುವ ಕಾರುಗಳು. ಹತ್ತು ಮಾರು ಹೋಗುವುದು, ನಿಲ್ಲುವುದು. ನನ್ನ ಎಂಜಿಬಿಯಲ್ಲಿ ಫ್ಯಾನ್ ತಿರುಗುವುದು ಎಂಜಿನ್ನಿನ ಬೆಲ್ಟಿನಿಂದ. ವಿದ್ಯುತ್ ಫ್ಯಾನ್ ಇಲ್ಲ. ಎಂಜಿನ್ ನಿಧಾನವಾದರೆ ಫ್ಯಾನೂ ನಿಧಾನ. ಗಾಳಿ ಬೇಕಾದ ಹೊತ್ತಿನಲ್ಲೇ ಗಾಳಿ ಇಲ್ಲ. ಬಿಸಿ ತೋರಿಸುವ ಮುಳ್ಳು ಕೂದಲೆಳೆಯಷ್ಟಾಗಿ ಏರತೊಡಗಿತು. ಹೀಟರ್ ಗುಂಡಿಯನ್ನು ಪೂರ್ತಿ ತಿರುಗಿಸಿದೆ, ಎಂಜಿನ್ನಿನ ಬಿಸಿ ಸ್ವಲ್ಪವಾದರೂ ಒಳಗೆ ಬರಲಿ ಎಂದು. ಮೊಣಕಾಲಿನ ಕೆಳಗೆ ಒಲೆಯ ಮುಂದೆ ಕೂತಂತೆ, ಕತ್ತಿನ ಮೇಲೆ ಬೆಟ್ಟದ ತಣ್ಣನೆ ಗಾಳಿ. ಮುಳ್ಳು ನಿಂತಿತು, ಇಳಿಯಲಿಲ್ಲ.

ಹೇರ್‌ಪಿನ್ ತಿರುವಿನ ಬಳಿಯ ಹ್ಯಾನ್‌ಕಾಕ್ ನೋಟದ ತಾಣದಲ್ಲಿ ಅದೃಷ್ಟಕ್ಕೆ ಜಾಗ ಸಿಕ್ಕಿತು. ಎಂಜಿನ್ ಆರಿಸಿದೆ. ಅಲ್ಲೇ ನಾನು ತಪ್ಪಿದ್ದು. ಈ ಎಂಜಿನ್ನಿನಲ್ಲಿ ಪೆಟ್ರೋಲನ್ನು ಗಾಳಿಯೊಡನೆ ಬೆರೆಸುವ ಎರಡೂ ಕಾರ್ಬುರೇಟರ್‌ಗಳು ಹೊಗೆ ಹೋಗುವ ಮ್ಯಾನಿಫೋಲ್ಡಿನ ನೆತ್ತಿಯ ಮೇಲೆಯೇ ಕೂತಿವೆ, ನಡುವೆ ಒಂದು ತೆಳು ತಗಡಿನ ಮರೆ. ಗಾಡಿ ಓಡುತ್ತಿದ್ದರೆ ಗಾಳಿ ಆಡುತ್ತದೆ; ನಿಲ್ಲಿಸಿದರೆ ಆ ಬಿಸಿಯೆಲ್ಲ ಮೇಲಕ್ಕೇರಿ ಪೆಟ್ರೋಲನ್ನೇ ಕುದಿಸುತ್ತದೆ. ಇಲ್ಲಿನ ಬಂಕುಗಳ ಪೆಟ್ರೋಲಿನಲ್ಲಿ ಸಾಮಾನ್ಯವಾಗಿ ಶೇ. 10ರಷ್ಟು ಎಥನಾಲ್ ಇರುತ್ತದೆ. ಸಾಲದ್ದಕ್ಕೆ ಸೆಪ್ಟೆಂಬರ್ ಮಧ್ಯದ ನಂತರ ಚಳಿಗಾಲದ ಮಿಶ್ರಣ ಬರುತ್ತದೆ. ಚಳಿಯಲ್ಲಿ ಸುಲಭವಾಗಿ ಹೊತ್ತಿಕೊಳ್ಳಲೆಂದು ಅದು ಬೇಗ ಆವಿಯಾಗುವಂಥದ್ದು. ಆ ಪೆಟ್ರೋಲ್ ಟ್ಯಾಂಕಿನಲ್ಲಿದ್ದು ಮೇಲೆ ಬೆಚ್ಚನೆಯ ಅಕ್ಟೋಬರ್ ಬಿಸಿಲಿದ್ದರೆ ಹಳೆಯ ಗಾಡಿಗಳಿಗೆ ಕಷ್ಟ ತಪ್ಪಿದ್ದಲ್ಲ.

ಕಾಲು ಗಂಟೆ ಬಿಟ್ಟು ಕೀಲಿ ತಿರುಗಿಸಿದೆ. ಸೀಟಿನ ಹಿಂದಿನಿಂದ ಪೆಟ್ರೋಲ್ ಪಂಪಿನ ಸದ್ದು ಬರುತ್ತದೆ: ಟಿಕ್, ಟಿಕ್, ಟಿಕ್. ಕಾರ್ಬುರೇಟರ್ ತುಂಬಿದೊಡನೆ ಅದು ಸುಮ್ಮನಾಗಬೇಕು. ಆ ದಿನ ಸುಮ್ಮನಾಗಲಿಲ್ಲ. ಹೊಲಿಗೆ ಯಂತ್ರದಂತೆ ಬಡಿದುಕೊಳ್ಳುತ್ತಲೇ ಇತ್ತು, ಪೈಪಿನಲ್ಲಿ ಪೆಟ್ರೋಲಿನ ಬದಲು ಆವಿ. ಮೊಬೈಲಿಗೆ ಸಿಗ್ನಲ್ ಇಲ್ಲ. ಆ 34 ಮೈಲಿಯಲ್ಲಿ ಒಂದು ಬಂಕೂ ಇಲ್ಲ. ಬಾನೆಟ್ ಎತ್ತಿ ಮುಕ್ಕಾಲು ಗಂಟೆ ಕಾದೆ. ಸುತ್ತ ಜನ ಬೆಟ್ಟದ ಚಿತ್ರ ತೆಗೆಯುತ್ತಿದ್ದರು. ನಾನು ಬೆಟ್ಟಕ್ಕೆ ಬೆನ್ನು ಹಾಕಿ ಎಂಜಿನ್ ನೋಡುತ್ತಾ ನಿಂತಿದ್ದೆ. ವರ್ಷಕ್ಕೊಂದೇ ಬಾರಿ ಸಿಗುವ ಆ ಬೆಳಗು ಹಾಗೆ ಹೋದದ್ದಕ್ಕೆ ಇವತ್ತಿಗೂ ನೋವಿದೆ.

ರಾತ್ರಿ ಊರಿಗೆ ಫೋನ್ ಮಾಡಿದಾಗ ಅಪ್ಪ ಕೇಳಿದ ಮೊದಲ ಪ್ರಶ್ನೆ, "ಒದ್ದೆ ಬಟ್ಟೆ ಹಾಕಿದೆಯೇನೋ?" ಆಗುಂಬೆ ಘಾಟಿಯ ಹದಿನಾಲ್ಕು ತಿರುವು ಹತ್ತಿ ಬಂದ ಅಂಬಾಸಿಡರ್ ಹೀಗೆಯೇ ಮುಷ್ಕರ ಹೂಡಿದಾಗ ಅವರು ಪೆಟ್ರೋಲ್ ಪಂಪಿಗೂ ಪೈಪಿಗೂ ಒದ್ದೆ ಬಟ್ಟೆ ಸುತ್ತಿ ಪ್ರಯಾಣಿಕರನ್ನು ಚಹಾಕ್ಕೆ ಕಳಿಸುತ್ತಿದ್ದರಂತೆ. ಅಂದಿನಿಂದ ಡಿಕ್ಕಿಯಲ್ಲಿ ಹಳೆಯ ಪಂಚೆಯ ಒಂದು ತುಂಡು ಮತ್ತು ಎರಡು ಬಾಟಲಿ ನೀರು ಸದಾ ಇರುತ್ತವೆ.

ವಾರದ ನಡುವೆ ರಜೆ ಹಾಕಿ ಹೋಗಬಲ್ಲವರಿಗೆ ಕ್ಯಾಂಕಮಾಗಸ್ ಈಗಲೂ ಶಿಫಾರಸು ಮಾಡುತ್ತೇನೆ. ನನಗೆ ಆ ಸೌಲಭ್ಯವಿಲ್ಲ. ಅಲ್ಲದೆ ಮನೆಯಿಂದ ಲಿಂಕನ್ ತಲುಪಲು ಎರಡು ಗಂಟೆ ಅಂತರರಾಜ್ಯ ಹೆದ್ದಾರಿಯಲ್ಲಿ ಓಡಬೇಕು. ವೇಗದಲ್ಲಿ ಓಡುವಾಗ ಎಂಜಿನ್ನಿನ ಸುತ್ತು ತಗ್ಗಿಸುವ ಓವರ್‌ಡ್ರೈವ್ ಗೇರು ನನ್ನ ಗಾಡಿಗೆ ಇಲ್ಲ. 65 ಮೈಲಿ ವೇಗಕ್ಕೆ ಎಂಜಿನ್ ನಿಮಿಷಕ್ಕೆ 3600 ಸುತ್ತು ತಿರುಗುತ್ತದೆ. ಪಕ್ಕದಲ್ಲಿ ಕೂತವರ ಜೊತೆ ಮಾತಾಡಲೂ ಆಗುವುದಿಲ್ಲ.

ರೂಟ್ 100 ಬಗ್ಗೆ ಹೆಚ್ಚು ಹೇಳುವುದಿಲ್ಲ, ಏಕೆಂದರೆ ಅದು ನನ್ನ ಜೇಬಿಗೆ ಹೊಂದಲಿಲ್ಲ. ವರ್ಮಾಂಟಿನ ದಕ್ಷಿಣದಿಂದ ಉತ್ತರಕ್ಕೆ 200 ಮೈಲಿಗೂ ಮಿಕ್ಕಿದ ದಾರಿ. ಬಿಳಿ ಚರ್ಚಿನ ಗೋಪುರ, ಹಸುಗಳು, ಗ್ರ್ಯಾನ್‌ವಿಲ್ ಕಣಿವೆಯಲ್ಲಿ ರಸ್ತೆಗೆ ತಾಗಿಕೊಂಡೇ ಬೀಳುವ ಮಾಸ್ ಗ್ಲೆನ್ ಜಲಪಾತ. ಒಂದು ದಿನಕ್ಕೆ ಮುಗಿಯುವುದಿಲ್ಲ, ತಂಗಬೇಕು. ಬಣ್ಣದ ದಿನಗಳಲ್ಲಿ ಕೋಣೆಯ ಬಾಡಿಗೆ ಕೇಳಿದರೆ ಒಂದು ಜೊತೆ ಟೈರ್ ಕೊಳ್ಳಬಹುದು ಅನ್ನಿಸುತ್ತದೆ. ರಾತ್ರಿಯೆಲ್ಲ ಬಯಲಲ್ಲಿ ನಿಂತ ಗಾಡಿಯ ಮಾಡು ಬೆಳಿಗ್ಗೆ ಮಂಜು ಕುಡಿದು ಬಿಗಿದುಕೊಂಡಿತ್ತು. ಮಡಚಲು ಹತ್ತೂವರೆಯವರೆಗೆ ಬಿಸಿಲು ಕಾಯಬೇಕಾಯಿತು.

ಈಗ ಮೊಹಾಕ್ ಟ್ರೇಲ್. ಇದು ರೂಟ್ 2ರ ಭಾಗ. ಫಿಚ್‌ಬರ್ಗ್ ಹತ್ತಿರದ ನಮ್ಮ ಮನೆಯಿಂದ ಹೊರಟು ಅದೇ ರಸ್ತೆ ಹಿಡಿದರೆ ಸಾಕು. 1914ರ ಅಕ್ಟೋಬರ್ 22ರಂದು ಮೋಟಾರು ಪ್ರವಾಸಿಗರಿಗಾಗಿ ತೆರೆದ ದಾರಿ. ಅಂದಿನ ಕಾರುಗಳ ಶಕ್ತಿಗೆ ತಕ್ಕಂತೆ ಕಡಿದ ಏರು ಎಂಬುದು ಐವತ್ತು ದಾಟಿದ ನನ್ನ ಗಾಡಿಗೆ ಚೆನ್ನಾಗಿ ಗೊತ್ತಾಗುತ್ತದೆ. ಡೀರ್‌ಫೀಲ್ಡ್ ನದಿ ಬಹಳ ದೂರ ಜೊತೆಗೇ ಬರುತ್ತದೆ. ಷಾರ್ಲ್‌ಮಾಂಟ್ ದಾಟಿದ ಮೇಲೆ ಏರು. ಮೂರನೆಯ ಗೇರಿನಲ್ಲಿ ಒಂದೇ ಸಮ ಎಳೆಯುತ್ತಾ 2173 ಅಡಿಯ ವಿಟ್‌ಕಂಬ್ ನೆತ್ತಿಗೆ ಬಂದರೆ, ಮುಳ್ಳು ನಡುವಿನಿಂದ ಅಲುಗಿರುವುದಿಲ್ಲ. ವಾಹನ ಇಲ್ಲವೆಂದಲ್ಲ. ನಡುನಡುವೆ ಊರುಗಳು, ಬಂಕು, ಪಕ್ಕಕ್ಕೆ ಸರಿಯಲು ಜಾಗ ಇರುವುದರಿಂದ ಸಾಲು ಗಂಟು ಬೀಳುವುದಿಲ್ಲ.

ಇದರ ದೊಡ್ಡ ಲಾಭ ಸೂರ್ಯ. ಅಕ್ಟೋಬರ್ ಕೊನೆಯಲ್ಲಿ ಇಲ್ಲಿ ಬಿಸಿಲು ಇಡೀ ದಿನ ಓರೆಯಾಗಿಯೇ ಬೀಳುತ್ತದೆ. ಎಂಜಿಬಿಯ ಮುಂಗಾಜು ಗಿಡ್ಡ, ಎದುರು ಬಿಸಿಲು ಬಂದರೆ ಕಣ್ಣು ಬಿಡಲಾಗದು. ಮೊಹಾಕ್ ಟ್ರೇಲ್‌ನಲ್ಲಿ ಬೆಳಿಗ್ಗೆ ಪಶ್ಚಿಮಕ್ಕೆ ಹೋಗಿ ಮಧ್ಯಾಹ್ನ ಪೂರ್ವಕ್ಕೆ ಮರಳುತ್ತೇನೆ. ಎರಡೂ ಬಾರಿ ಬಿಸಿಲು ಬೆನ್ನಿಗೆ. ಎದುರಿನ ಬೆಟ್ಟವೆಲ್ಲ ದೀಪ ಹಚ್ಚಿದಂತೆ. ಕ್ಯಾಂಕಮಾಗಸ್‌ನಲ್ಲಿ ನನಗೆ ಉಲ್ಟಾ ಆಗಿತ್ತು, ಬೆಳಗಿನ ಬಿಸಿಲು ನೇರ ಕಣ್ಣಿಗೆ.

ನಾರ್ತ್ ಆಡಮ್ಸ್ ಕಡೆಗಿನ ಇಳಿಜಾರಿನಲ್ಲಿ ಒಂದು ದೊಡ್ಡ ಹೇರ್‌ಪಿನ್ ತಿರುವಿದೆ. ಹತ್ತುವ ಗೇರಿನಲ್ಲೇ ಇಳಿಯಬೇಕು ಎಂದು ಅಪ್ಪ ಕಲಿಸಿದ್ದು ಆಗುಂಬೆಯಲ್ಲಿ. ಇಲ್ಲೂ ಎರಡನೆಯ ಗೇರಿಗೆ ಹಾಕಿ, ಬ್ರೇಕಿನ ಮೇಲೆ ಕಾಲು ಹಗುರವಾಗಿ ಇಟ್ಟು ತಿರುಗಿಸುತ್ತೇನೆ. ಎಂಜಿನ್ ಗುಡುಗುತ್ತಾ ಗಾಡಿಯನ್ನು ಹಿಡಿದುಕೊಳ್ಳುತ್ತದೆ, ಕೆಳಗೆ ಹೂಸಿಕ್ ಕಣಿವೆ ಒಮ್ಮೆಗೇ ತೆರೆದುಕೊಳ್ಳುತ್ತದೆ.

ಬಣ್ಣದ ವಿಷಯದಲ್ಲಿ ಮೊಹಾಕ್ ಒಂದು ಕೈ ಕಡಿಮೆ. ಓಕ್ ಮರ ಹೆಚ್ಚಿರುವ ಕಡೆ ಕಂದೇ ಮುಂದು. ಆದರೆ ಬಡಗಣ ಬೆಟ್ಟಗಳಿಗಿಂತ ತುಸು ತಡವಾಗಿ ಮಾಗುತ್ತದೆ, ಹಾಗಾಗಿ ರಜೆಯ ನೂಕುನುಗ್ಗಲು ಇಳಿದ ಮೂರನೆಯ ವಾರಕ್ಕೂ ನೋಡಲು ಉಳಿದಿರುತ್ತದೆ. ಊಟಕ್ಕೆ ಶೆಲ್‌ಬರ್ನ್ ಫಾಲ್ಸ್. ಹಳೆಯ ಟ್ರಾಲಿ ಸೇತುವೆಯ ಮೇಲೆ ಬೆಳೆಸಿದ ಹೂದೋಟ ಅಲ್ಲಿದೆ.

ಕಡೆಯದೊಂದು ಅನುಕೂಲ ಉಳಿದೆರಡಕ್ಕೆ ಇಲ್ಲ. ಮನೆಗೆ ಹದಿನೈದು ಮೈಲಿ ಇರುವಾಗ ಬಂಕಿನಲ್ಲಿ ಟ್ಯಾಂಕ್ ತುಂಬಿಸಿ, ಪೆಟ್ರೋಲ್ ಕೆಡದಂತೆ ಹಾಕುವ ಔಷಧಿಯನ್ನು ಅಲ್ಲೇ ಸುರಿಯುತ್ತೇನೆ. ಉಳಿದ ದಾರಿಯಲ್ಲಿ ಅದು ಪೈಪು, ಪಂಪು, ಕಾರ್ಬುರೇಟರ್‌ವರೆಗೆ ತಲುಪಿರುತ್ತದೆ. ಎಂಜಿನ್ ಬಿಸಿಯಾಗಿರುವಾಗಲೇ ಆಯಿಲ್ ಇಳಿಸಿ ಹೊಸದು ಹಾಕಿ, ಟೈರಿಗೆ ಗಾಳಿ ಸ್ವಲ್ಪ ಹೆಚ್ಚೇ ತುಂಬಿ, ಇಲಿ ಹೊಗದಂತೆ ಸೈಲೆನ್ಸರ್ ಬಾಯಿಗೆ ಉಕ್ಕಿನ ನಾರು ತುರುಕಿ, ಬ್ಯಾಟರಿಗೆ ಚಾರ್ಜರ್ ಸಿಕ್ಕಿಸುತ್ತೇನೆ. ಹೋದ ವರ್ಷ ಹೊದಿಕೆ ಎಳೆಯುವ ಮುಂಚೆ ಎಂಜಿನ್ನಿನ ಸದ್ದನ್ನು ಮೊಬೈಲಿನಲ್ಲಿ ಹಿಡಿದು ಊರಿಗೆ ಕಳಿಸಿದೆ. ಅಪ್ಪ ಎರಡು ಸಲ ಕೇಳಿ, "ಟ್ಯಾಪೆಟ್ ಸ್ವಲ್ಪ ಸಡಿಲ ಇದೆ, ಏಪ್ರಿಲಿನಲ್ಲಿ ನೋಡು" ಎಂದರು.