ಸಂಖ್ಯೆ ಒಡೆದು ಕೂಡುವುದು ಕಲಿಸೋಕೆ: ಕೋಲಾ, ಕ್ಯೂಬಾ, ಮಣಿಯಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಮಣಿ ಚೌಕಟ್ಟಿಗೆ, ಅಂದರೆ ಕಂಬಿಯ ಮೇಲೆ ಮಣಿ ಸರಿಸಿ ಲೆಕ್ಕ ಮಾಡುವ ಸಾಮಾನಿಗೆ. 8+7 ಎಷ್ಟು ಅಂದರೆ ಬೆರಳು ಬಿಚ್ಚಿ ಒಂದರಿಂದ ಎಣಿಸುವ ಮಗುವಿಗೆ 'ಏಳನ್ನು ಎರಡು, ಐದು ಅಂತ ಒಡಿ, ಎಂಟಕ್ಕೆ ಎರಡು ಕೊಟ್ಟು ಹತ್ತು ಮಾಡು, ಉಳಿದ ಐದು ಸೇರಿಸು' ಅಂತ ಬಾಯಲ್ಲಿ ಹೇಳಿದರೆ ತಲೆಗೆ ಹತ್ತುವುದಿಲ್ಲ. ಕೈಗೆ ಏನಾದರೂ ಬೇಕು. ಮಗಳಿಗೆ ಅಂತ ಬಣ್ಣದ ಕೋಲು, ಸಿಕ್ಕಿಸುವ ಕ್ಯೂಬ್ ತಂದು, ಕೊನೆಗೆ ಮಣಿಗೆ ಬಂದೆವು.

ಕೋಲುಗಳು ನೋಡಲು ಚೆಂದ. 1 ಸೆಂಟಿಮೀಟರಿನ ಬಿಳಿಯಿಂದ 10 ಸೆಂಟಿಮೀಟರಿನ ಕಿತ್ತಳೆವರೆಗೆ ಒಂದೊಂದು ಉದ್ದಕ್ಕೆ ಒಂದೊಂದು ಬಣ್ಣ. ತೊಂದರೆ ಏನಂದರೆ, ಒಡೆಯೋದು ಕಲಿಸಲು ತಂದ ಸಾಮಾನನ್ನೇ ಒಡೆಯಲು ಬರುವುದಿಲ್ಲ! ಏಳು ಅಂದರೆ ಇಡೀ ಒಂದು ಕಪ್ಪು ಕೋಲು. ಅದನ್ನು ಎರಡು, ಐದು ಮಾಡಬೇಕಾದರೆ ಕಪ್ಪನ್ನು ಪಕ್ಕಕ್ಕಿಟ್ಟು ಒಂದು ಕೆಂಪು, ಒಂದು ಹಳದಿ ತರಬೇಕು. ನಮಗೇನೋ ಅದು ಅದಲು ಬದಲು. ಮಗಳು ಮಾತ್ರ 'ಏಳು ಎಲ್ಲಿಗೆ ಹೋಯ್ತು?' ಅಂದಳು. ಕೇಳಬೇಕಾದ ಪ್ರಶ್ನೆಯೇ, ಅಲ್ವಾ? ಕಪ್ಪಿನ ಪಕ್ಕದಲ್ಲಿ ಕೆಂಪು, ಹಳದಿ ಜೋಡಿಸಿ ಉದ್ದ ಒಂದೇ ಅಂತ ತೋರಿಸಿದರೆ ತಲೆಯಾಡಿಸುತ್ತಾಳೆ. ಮುಂದಿನ ಲೆಕ್ಕಕ್ಕೆ ಮತ್ತೆ ಅದೇ ಕಥೆ.

ಕೋಲಿನ ಮೇಲೆ ಗೆರೆಯೂ ಇಲ್ಲ, ಅಂಕಿಯೂ ಇಲ್ಲ. ಹಾಗಾಗಿ ಮಗು ಬಣ್ಣಗಳನ್ನೇ ಬಾಯಿಪಾಠ ಮಾಡುತ್ತದೆ. 'ಕಂದು, ಕಪ್ಪು ಸೇರಿದರೆ ಕಿತ್ತಳೆ, ಹಳದಿ' ಅಂತ ಪಟಪಟನೆ ಹೇಳುತ್ತಿದ್ದಳು. ಉತ್ತರ ಸರಿ, 15. ಆದರೆ ಹಾಳೆಯಲ್ಲಿ 8+7 ಬರೆದುಕೊಟ್ಟರೆ ಮತ್ತೆ ಬೆರಳು ಬಿಚ್ಚಿದಳು. ಉದ್ದ ಹೋಲಿಸೋಕೆ, ಮುಂದೆ ಭಿನ್ನರಾಶಿಗೆ ಬೇಕಾಗುತ್ತದೆ ಅಂತ ಡಬ್ಬಿ ಎತ್ತಿಟ್ಟಿದ್ದೇನೆ.

ಕ್ಯೂಬುಗಳು ನಿಜಕ್ಕೂ ಟಕ್ಕಂತ ಒಡೆಯುತ್ತವೆ. ಆದರೆ ಒಡೆದಾಗಲೆಲ್ಲ ಮತ್ತೆ ಒಂದರಿಂದ ಎಣಿಕೆ. ಒಂದೇ ಬಣ್ಣದ ಏಳು ಸಾಲಾಗಿದ್ದರೆ ಎಣಿಸದೆ ಹೇಳುವುದು ದೊಡ್ಡವರಿಗೂ ಕಷ್ಟ. ಐದಾದ ಮೇಲೆ ಬಣ್ಣ ಬದಲಿಸಿದರೆ ಪರವಾಗಿಲ್ಲ. ಆದರೆ ಚೆಲ್ಲಿದ ಕ್ಯೂಬುಗಳನ್ನು ಸೋಫಾ ಕೆಳಗಿಂದ ಹೆಕ್ಕುವ ತಾಳ್ಮೆ ನನಗಂತೂ ಇಲ್ಲ.

ಮೊಬೈಲ್ ಆ್ಯಪ್ ತಾನೇ ಒಡೆದು ತೋರಿಸುತ್ತದೆ, ಮಗು ಸುಮ್ನೆ ಒತ್ತುತ್ತಾ ಕೂರುತ್ತದೆ. ಬೇಡ.

ಮಣಿ ಚೌಕಟ್ಟು ನೆದರ್ಲೆಂಡ್ಸ್‌ ಕಡೆಯದು. ಎರಡು ಕಂಬಿ, ಒಂದೊಂದರಲ್ಲೂ ಐದು ಕೆಂಪು, ಐದು ಬಿಳಿ. ಮೇಲೆ ಎಂಟು, ಕೆಳಗೆ ಏಳು ತಳ್ಳಿ. ಮೇಲಿನ ಸಾಲಿಗೆ ಇನ್ನೆರಡು ತಳ್ಳಿ, ಕೆಳಗಿನಿಂದ ಎರಡು ವಾಪಸ್. ಏಳು ಎಲ್ಲೂ ಮಾಯವಾಗುವುದಿಲ್ಲ, ಕಣ್ಣೆದುರೇ ಐದಾಗುತ್ತದೆ. ಆದರೆ ಮಗಳು ಹಿಡಿದದ್ದು ಬೇರೆ ದಾರಿ: 'ಕೆಂಪು ಐದು ಐದು ಹತ್ತು, ಬಿಳಿ ಮೂರು ಎರಡು ಐದು.' ನಾನು ಹೇಳಿಕೊಟ್ಟಿದ್ದಲ್ಲ! 6+7 ಕೊಟ್ಟರೆ ಆರಾರು ಹನ್ನೆರಡು, ಮೇಲೊಂದು ಅನ್ನುತ್ತಾಳೆ.

20ರ ಆಚೆ ಇದು ಸಾಲದು. 47+36ಕ್ಕೆ ಹಾಳೆಯೇ ಗತಿ. 40+30 ಎಪ್ಪತ್ತು, 7+6 ಹದಿಮೂರು, ಒಟ್ಟು 83. ಇಲ್ಲವೇ 36ರಿಂದ ಮೂರು ಕಿತ್ತು 47ನ್ನು 50 ಮಾಡಿ, ಉಳಿದ 33 ಸೇರಿಸೋದು. ಮಣಿಯಲ್ಲಿ ಹತ್ತು ಮಾಡಿ ಅಭ್ಯಾಸವಾದ ಮಗುವಿಗೆ ಈ ಎರಡನೆಯದು ಬೇಗ ಹೊಳೆಯುತ್ತದೆ.

ಕೊಳ್ಳುವಾಗ ಒಂದು ನೋಡಿಕೊಳ್ಳಿ. ಹತ್ತು ಕಂಬಿಯ ಆಟಿಕೆಗಳಲ್ಲಿ ಎಷ್ಟೋ ಸಲ ಒಂದು ಸಾಲಿಗೆ ಒಂದೇ ಬಣ್ಣ ಇರುತ್ತದೆ. ಐದರ ಗುರುತಿಲ್ಲದ ಮೇಲೆ ಕ್ಯೂಬಿನ ಕಥೆಯೇ. ದುಡ್ಡು ಹಾಕೋದೇ ಬೇಡ ಅಂದರೆ ದಪ್ಪ ರಟ್ಟು, ದಾರ, ಎರಡು ಬಣ್ಣದ ಮಣಿ ಸಾಕು. ದಾರ ಬಿಗಿಯಾಗಿರಲಿ, ಸಡಿಲವಾದರೆ ಮಣಿಗಳು ನಿಂತಲ್ಲಿ ನಿಲ್ಲುವುದಿಲ್ಲ.