ಎವರೆಸ್ಟ್ ಬೇಸ್ ಕ್ಯಾಂಪ್: ನಡೆದು ಹತ್ತಿ, ಹೆಲಿಕಾಪ್ಟರ್‌ನಲ್ಲಿ ಇಳಿಯುವ ಪ್ಯಾಕೇಜ್

ದುಡ್ಡು ಕಟ್ಟುವ ಮುನ್ನ ದಿನಗಳ ಪಟ್ಟಿ ನೋಡಿ. ದೇಹ ಎತ್ತರಕ್ಕೆ ಹೊಂದಿಕೊಳ್ಳಲು ದಾರಿಯ ಊರುಗಳಾದ ನಾಮ್ಚೆ (3,440 ಮೀಟರ್), ಡಿಂಗ್ಬೋಚೆಗಳಲ್ಲಿ (4,410) ತಲಾ ಎರಡು ರಾತ್ರಿ ಇದ್ದರೆ ಮಾತ್ರ ಇದು ಒಳ್ಳೆಯ ಪ್ಯಾಕೇಜ್. ಹೆಲಿಕಾಪ್ಟರ್ ಉಳಿಸುವುದು ಇಳಿಯುವ ದಿನಗಳನ್ನು. ಹತ್ತುವ ದಿನಗಳಿಗೆ ಕತ್ತರಿ ಹಾಕಿದ ಪ್ಲಾನ್ ಬೇಡವೇ ಬೇಡ.

ಹೆಲಿಕಾಪ್ಟರ್ ಹತ್ತುವುದು ಬೇಸ್ ಕ್ಯಾಂಪ್ ಬಳಿಯ ಗೋರಕ್ ಶೆಪ್‌ನಲ್ಲಿ (5,164). ಅಲ್ಲಿ ಗಾಳಿ ತೆಳು, ಐವರನ್ನು ಒಟ್ಟಿಗೆ ಎತ್ತಲಾಗದು. ಇಬ್ಬರು ಮೂವರಂತೆ ಕೆಳಗಿನ ಹಳ್ಳಿ ಫೆರಿಚೆಗೆ ಇಳಿಸಿ, ಅಲ್ಲಿಂದ ಎಲ್ಲರನ್ನೂ ಕೂರಿಸಿಕೊಂಡು ವಿಮಾನ ನಿಲ್ದಾಣವಿರುವ ಲುಕ್ಲಾಗೆ ಹಾರುತ್ತಾರೆ. ಈ ಶಟಲ್‌ಗೆ ಬೇರೆ ಹಣವೇ ಎಂಬುದನ್ನು ಬರಹದಲ್ಲೇ ಪಡೆಯಿರಿ. ಅನೇಕ ಸಲ ರೆಕ್ಕೆ ತಿರುಗುತ್ತಿರುವಾಗಲೇ ಹತ್ತಿಸುತ್ತಾರೆ: ಟೋಪಿ ಬ್ಯಾಗಿನೊಳಗಿರಲಿ, ತಲೆ ಬಗ್ಗಿರಲಿ. ಮಧ್ಯಾಹ್ನ ಮೋಡ ಕವಿಯುವುದರಿಂದ ಹಾರಾಟ ಸಾಮಾನ್ಯವಾಗಿ ಬೆಳಿಗ್ಗೆ. ತಪ್ಪಿದರೆ ಹೆಚ್ಚುವರಿ ರಾತ್ರಿಯ ಖರ್ಚು ಯಾರದು, ಅದನ್ನೂ ಕೇಳಿ.

ಇದು ದುಡ್ಡು ಕೊಟ್ಟು ಕೊಂಡ ಸವಾರಿ, ವಿಮೆ ಭರಿಸುವ ರಕ್ಷಣಾ ಹಾರಾಟವಲ್ಲ. 6,000 ಮೀಟರ್‌ವರೆಗಿನ ತುರ್ತು ರಕ್ಷಣೆಯ ವಿಮೆ ಬೇರೆಯೇ ಮಾಡಿಸಬೇಕು.